ಮೀನು, ಕೋಳಿ, ದನಗಳ ಗುಂಡಿಗೆ: ಸಾಕುವವರು ಅರಿಯಬೇಕಾದ ಸಂಗತಿಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೇಸಾಯದೊಡನೆ ದನ, ಕುರಿ, ಕೋಳಿ, ಮೀನುಗಳ ಸಾಕಣೆಯೂ ನಡೆದುಬಂದಿರುವುದಷ್ಟೆ. ಈ ಪ್ರಾಣಿಗಳಲ್ಲೆಲ್ಲಾ ಗುಂಡಿಗೆಯ ಕೆಲಸವು ರಕ್ತವನ್ನು ನೂಕುವುದೇ ಆದರೂ ಅದರ ರಚನೆಯು ಒಂದೇ ತೆರನಾಗಿಲ್ಲ. ರಚನೆಗೆ ತಕ್ಕಂತೆ ಅಪಾಯಗಳೂ ಬೇರೆ ಬೇರೆ. ಇದನ್ನರಿತ ರೈತನು ಅನೇಕ ನಷ್ಟಗಳನ್ನು ತಪ್ಪಿಸಿಕೊಳ್ಳಬಹುದು.

ಮೀನು

ತೊಣ್ಣೂರು ಕೆರೆಯ ಮೀನಾಗಲಿ, ಕನ್ನಂಬಾಡಿ ಜಲಾಶಯದ ಮೀನಾಗಲಿ, ಅದರ ಗುಂಡಿಗೆಯು ಕಿವಿರುಗಳ ಹಿಂದೆಯೇ ಇದ್ದು, ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ ಎಂಬ ಎರಡೇ ಮುಖ್ಯ ಕೋಣೆಗಳುಳ್ಳದ್ದು. ಮೈಯನ್ನೆಲ್ಲಾ ಸುತ್ತಿ ಬಂದ ಮಲಿನ ರಕ್ತವು ಗುಂಡಿಗೆಯನ್ನು ಸೇರಿ, ಅಲ್ಲಿಂದ ಕಿವಿರುಗಳಿಗೆ ಹೋಗಿ, ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಪಡೆದು, ನೇರವಾಗಿ ಮೈಗೆ ಹರಿಯುವುದು. ಕೆರೆಗಳಲ್ಲಿ ಸಾಕುವ ಗೆಂಡೆ ಜಾತಿಯ ಮೀನುಗಳ ಗುಂಡಿಗೆಯು ಬಹುಮಟ್ಟಿಗೆ, ಮೈಗೆ ಉಪಯೋಗವಾಗಿ ಉಳಿದ ಪ್ರಾಣವಾಯುವಿನಿಂದಲೇ ಬದುಕಬೇಕು. ನೀರಿನಲ್ಲಿ ಪ್ರಾಣವಾಯು ಕುಂದಿದರೆ ಗುಂಡಿಗೆಗೂ ಕೊರತೆ ತಟ್ಟುವುದು.

ರಾತ್ರಿಯೆಲ್ಲಾ ನೀರಿನ ಪಾಚಿಯೂ ಪ್ರಾಣವಾಯುವನ್ನು ಹೀರುವುದರಿಂದ, ಬೆಳಗಿನ ಜಾವದಲ್ಲಿ ಈ ಕೊರತೆ ಹೆಚ್ಚು. ಮೀನುಗಳು ಆಗ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಆ ದಿನ ಆಹಾರವನ್ನೂ ಸೆಗಣಿ ಗೊಬ್ಬರವನ್ನೂ ಹಾಕದೆ, ಒಡನೆಯೇ ಹೊಸ ನೀರನ್ನು ಬಿಡತಕ್ಕದ್ದು.

ಕೋಳಿ

1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ಕೊಕ್ಕರೆಗೂ ಹಿತ್ತಲಿನ ಕೋಳಿಗೂ ಗುಂಡಿಗೆಯಲ್ಲಿ ನಾಲ್ಕು ಕೋಣೆಗಳುಂಟು. ಬಲಭಾಗವು ಮಲಿನ ರಕ್ತವನ್ನು ಶ್ವಾಸಕೋಶಕ್ಕೂ, ಎಡಭಾಗವು ಶುದ್ಧ ರಕ್ತವನ್ನು ಮೈಗೂ ಕಳುಹಿಸುವುವು, ಎರಡೂ ಬೆರೆಯುವುದಿಲ್ಲ. ವಿಶ್ರಾಂತಿಯಲ್ಲಿಯೂ ಕೋಳಿಯ ಗುಂಡಿಗೆಯು ನಿಮಿಷಕ್ಕೆ 200ಕ್ಕೂ ಮೇಲೆ ಬಡಿಯುತ್ತದೆ. ಅದರ ಬಲಗಡೆಯ ಕವಾಟವು ಮಾಂಸದ ಪಟ್ಟಿಯಂತಿದೆ. ಬೇಗ ಬೆಳೆಯುವ ಮಾಂಸದ ತಳಿಗಳಿಗೆ ಪ್ರಾಣವಾಯು ಸಾಲದಾದರೆ ಬಲಭಾಗವು ದಣಿದು, ಕವಾಟವು ಸರಿಯಾಗಿ ಮುಚ್ಚದೆ, ಹೊಟ್ಟೆಯಲ್ಲಿ ನೀರು ತುಂಬಿ ಕೋಳಿಗಳು ಸಾಯುವುವು. ಆದುದರಿಂದ ಚಳಿಗೆ ಹೆದರಿ ಕೋಳಿಮನೆಯನ್ನು ಪೂರ್ತಿ ಮುಚ್ಚಬಾರದು, ಗಾಳಿಯಾಡಲು ಎಡೆಯಿರಬೇಕು.

ದನ

ದನದ ಗುಂಡಿಗೆಗೂ ನಾಲ್ಕೇ ಕೋಣೆಗಳು; ಆದರೆ ಹಕ್ಕಿಯಲ್ಲಿ ಮಹಾಧಮನಿಯು ಬಲಕ್ಕೆ ಬಾಗಿದರೆ ದನದಲ್ಲಿ ಎಡಕ್ಕೆ ಬಾಗುವುದು. ದನದ ಗುಂಡಿಗೆಯ ಬುಡದಲ್ಲಿ ಎರಡು ಸಣ್ಣ ಎಲುಬುಗಳೂ ಉಂಟು. ಬಾಲದ ಬುಡದ ಕೆಳಮಗ್ಗುಲಲ್ಲಿ ಬೆರಳಿಟ್ಟರೆ ನಾಡಿ ಸಿಕ್ಕುವುದು. ಬೆಳೆದ ದನಕ್ಕೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 50ರಿಂದ 80.

ಇಲ್ಲಿ ಮುಖ್ಯವಾದ ಅಪಾಯವು ಹೊಟ್ಟೆಯಿಂದ ಬರುತ್ತದೆ. ಜೇನುಗೂಡಿನಂತೆ ಕಾಣುವ ಎರಡನೆಯ ಜಠರಕ್ಕೂ ಗುಂಡಿಗೆಗೂ ನಡುವೆ ತೆಳುವಾದ ವಪೆಯೊಂದೇ ಅಡ್ಡ. ದನವು ಮೇವನ್ನು ಚೆನ್ನಾಗಿ ಅಗಿಯದೆ ನುಂಗುವುದರಿಂದ ಹುಲ್ಲಿನೊಳಗಿನ ಮೊಳೆ, ತಂತಿಯ ಚೂರು ಈ ಜಠರವನ್ನು ಸೇರಿ, ಕ್ರಮೇಣ ಮುಂದಕ್ಕೆ ಚುಚ್ಚಿಕೊಂಡು ಗುಂಡಿಗೆಯ ಪೊರೆಯನ್ನು ಮುಟ್ಟಬಹುದು. ಮೇವು ಬಿಡುವುದು, ಬೆನ್ನು ಗೂನಾಗುವುದು, ಮುಂಗಾಲಿನ ಮೊಣಕೈಗಳನ್ನು ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಕುತ್ತಿಗೆಯ ರಕ್ತನಾಳ ಉಬ್ಬುವುದು, ಎದೆಯ ಮುಂಭಾಗದಲ್ಲಿ ಬಾವು ಇಳಿಯುವುದು ಇದರ ಲಕ್ಷಣಗಳು. ಬಾವು ಕಾಣುವ ಹೊತ್ತಿಗೆ ಚಿಕಿತ್ಸೆಯಿಂದ ಫಲ ಸಿಕ್ಕುವುದು ಅಪರೂಪ. ಆದುದರಿಂದ ಮೊದಲ ಲಕ್ಷಣ ಕಂಡೊಡನೆಯೇ ಪಶುವೈದ್ಯರನ್ನು ಕರೆಸತಕ್ಕದ್ದು. ಬರಿಯ ಅಜೀರ್ಣವೆಂದು ಮನೆಮದ್ದಿನಲ್ಲಿ ದಿನ ಕಳೆಯಕೂಡದು.

ಹಳ್ಳಿಕಾರ್ ಜೋಡಿಯೊಂದನ್ನು ಪಳಗಿಸಲು ರೈತನಿಗೆ ವರ್ಷಗಳು ಬೇಕು. ಅದರಲ್ಲೊಂದನ್ನು ಕೆಡಿಸಲು ಒಂದು ಬೆರಳುದ್ದದ ತಂತಿ ಸಾಕು. ಮನೆ ಕಟ್ಟುವ ಸ್ಥಳದಲ್ಲಿಯೂ ಬೇಲಿಯ ಬಳಿಯಲ್ಲಿಯೂ ಬಿದ್ದ ಮೊಳೆ ತಂತಿಗಳನ್ನು ಆರಿಸಿಹಾಕುವುದು, ಹುಲ್ಲಿನ ಕಟ್ಟುಗಳಿಗೆ ತಂತಿಯನ್ನು ಬಿಗಿಯದಿರುವುದು, ಕತ್ತರಿಸಿದ ಮೇವಿನ ಮೇಲೆ ಅಯಸ್ಕಾಂತವನ್ನಾಡಿಸುವುದು—ಇವು ಹೆಚ್ಚು ವೆಚ್ಚವಿಲ್ಲದ ಕಾರ್ಯಗಳು. ಗ್ರಾಮದ ಮುಖಂಡರು ಇವನ್ನು ಮೊದಲು ತಮ್ಮ ಕೊಟ್ಟಿಗೆಯಲ್ಲಿಯೇ ಆಚರಣೆಗೆ ತಂದರೆ ಉಳಿದವರೂ ತಪ್ಪದೆ ಅನುಸರಿಸುವರು.