ಗೋಕಾಕದ ಹೊಳೆ ಹುಟ್ಟೋ ಮಳೆಕಾಡಿನಾಗ ಎರಡು ದಿನ

ನನ್ನ ರೂಮ್‌ನಾಗ ಇನ್ನೂ ಒದ್ದೆ ಬ್ಯಾಗಿನ ವಾಸನೆ ಐತಿ. ಜುಲೈ ಮಳಿಯಾಗ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಆಂಬೋಲಿಗೆ ಹೋಗಿ ಬಂದೆ. "ಊರಾಗ ಇಷ್ಟು ದೊಡ್ಡ ಫಾಲ್ಸ್ ಇಟ್ಕೊಂಡು ಅಲ್ಲಿಗ್ಯಾಕ ಹೊಂಟೀಪಾ?" ಅಂತ ಅವ್ವ ಕೇಳಿದ್ಲು.

ಕಾರಣ 2019ರ ಆಗಸ್ಟ್. ಲೋಳಸೂರ ಸೇತುವೆ ಮುಳುಗಿ, ಗೋಕಾಕ ಪ್ಯಾಟಿಯೊಳಗ ನೀರು ಹೊಕ್ಕಿತ್ತು. ನಮ್ಮ ಮಾಮಾನ ಮನೆಯಲ್ಲಿ ಎದಿಮಟ ನೀರು. ಗೋಕಾಕದಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು ಅಷ್ಟೇ. ಹಂಗಾದ್ರ ಅಷ್ಟು ನೀರು ಎಲ್ಲಿಂದ ಬಂತು?

ಸಂಕೇಶ್ವರದ ತನಕ ನಮ್ಮ ಬಸ್ಸು. ಅಲ್ಲಿಂದ ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸು, ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ. ಹುಕ್ಕೇರಿ ಕಡೆ ಕಬ್ಬಿನ ಗದ್ದೆ, ಮ್ಯಾಲೆ ಬರೇ ಮೋಡ. ಆಜರಾ ದಾಟಿದ ಮೇಲೆ ಕಿಟಕಿಯಾಚೆ ಏನೂ ಕಾಣಂಗಿಲ್ಲ, ಹಸಿರು ಮತ್ತು ಮಂಜು ಬಿಟ್ಟರೆ.

ಆಂಬೋಲಿ ಇರೋದು ಸಹ್ಯಾದ್ರಿಯ ಅಂಚಿನ ಮ್ಯಾಲೆ, ಸುಮಾರು 690 ಮೀಟರ್ ಎತ್ತರದಲ್ಲಿ. ಅರಬ್ಬಿ ಸಮುದ್ರದಿಂದ ಬರೋ ತೇವದ ಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್! ಅದೇ ಗಾಳಿ ನಮ್ಮ ಕಡೆ ಇಳಿಯುವಷ್ಟರಲ್ಲಿ ಅದರ ಕಿಸೆ ಖಾಲಿ. ಬಿ.ಕಾಂ ಓದಿದವನ ಲೆಕ್ಕದಾಗ ಹೇಳೂದಾದ್ರ, ಹೊಳಿಯ ಓಪನಿಂಗ್ ಬ್ಯಾಲೆನ್ಸ್ ಪೂರ್ತಿ ಅಲ್ಲೇ ಜಮಾ ಆಗ್ತೈತಿ.

ಕಾಡಿನೊಳಗ ಮೊದಲು ಗೊತ್ತಾಗೋದು ಸದ್ದು. ಮಳೆ ನಿಂತರೂ ಎಲೆಯಿಂದ ಎಲೆಗೆ ಹನಿ ಬೀಳ್ತಾನೇ ಇರ್ತದೆ. ಮಳೆ ನೆಲಕ್ಕೆ ನೇರ ಬಡಿಯಲ್ಲ. ಕೊಳೆತ ಎಲೆಯ ಹಾಸು ಸ್ಪಂಜಿನ ಹಂಗ ನೀರು ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತದೆ. ಮಳೆಗಾಲ ಮುಗಿದ ಮೇಲೂ ತೊರೆಗಳು ಹರಿಯೋದು ಅದಕ್ಕೇ. ಆದರೆ ನಾಲ್ಕೈದು ದಿನ ಬಿಡದೇ ಸುರಿದರೆ ಸ್ಪಂಜೂ ತುಂಬಿಬಿಡ್ತೈತಿ. ಆಮೇಲೆ ಬಿದ್ದದ್ದೆಲ್ಲ ಸೀದಾ ಹೊಳಿಗೆ. ಕಾಡು ಕಡಿದ ಗುಡ್ಡದಲ್ಲಿ ನಾಲ್ಕೈದು ದಿನವೂ ಬೇಕಾಗಲ್ಲ.

ಹಾಂ, ಜಿಗಣೆ. ಶೂ ಬಿಚ್ಚಿದಾಗ ಎಡಗಾಲಿನಲ್ಲೇ ಏಳು! ಚಾ ಅಂಗಡಿಯ ಅಜ್ಜ ಏನೂ ಮಾತಾಡದೇ ತನ್ನ ತಂಬಾಕು ಸುಣ್ಣ ತಿಕ್ಕಿ ಹಚ್ಚಿದರು. ಉದುರಿದವು.

ಮರುದಿನ ಹಿರಣ್ಯಕೇಶಿಗೆ. ಶಿವನ ಗುಡಿ, ಪಕ್ಕದಲ್ಲಿ ಗುಹೆ, ಗುಹೆಯೊಳಗಿಂದ ನೀರು. ಸಂಕೇಶ್ವರದಲ್ಲಿ ನಾವು ಸೇತುವೆ ಮೇಲಿಂದ ನೋಡೋ ಹೊಳೆ ಇದೇ. ಇಲ್ಲಿ ಸಿಕ್ಕ ಪುಟ್ಟ ಮೀನಿಗೆ 2020ರಲ್ಲಿ ಸ್ಕಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಿಟ್ಟರು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಕೊಳದಾಗ ಇಳಿಬ್ಯಾಡ್ರಿ, ಶಾಂಪೂ ಅಂತೂ ಬ್ಯಾಡೇ ಬ್ಯಾಡ. ಮೀನು ಇರೋದು ಬೆರಳುದ್ದ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಘಟಪ್ರಭಾ ಕೂಡ ಇದೇ ಸಹ್ಯಾದ್ರಿ ಸಾಲಿನಲ್ಲೇ ಹುಟ್ಟುತ್ತದೆ. ಅದರ ನೀರನ್ನು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮ್ 51 ಟಿಎಂಸಿ ತನಕ ಹಿಡಿದಿಡುತ್ತದೆ. ಧೂಪದಾಳದ ಹತ್ತಿರ ಕಾಲುವೆಗೆ ತಿರುಗಿ ಮೂಡಲಗಿಯ ಕಬ್ಬಿಗೆ ಹೋಗೋದು ಅದೇ ನೀರು. ಹಿರಣ್ಯಕೇಶಿ ಮಾತ್ರ ಡ್ಯಾಮ್ ದಾಟಿದ ಮೇಲೆ ಬಂದು ಕೂಡುತ್ತದೆ. ಬೆಳಗಾವಿ ಕಡೆಯಿಂದ ಬರೋ ಮಾರ್ಕಂಡೇಯನೂ ಹಂಗೇ. ಅಂದ್ರ ಹಿಡಕಲ್ ಗೇಟ್ ಪೂರ್ತಿ ಮುಚ್ಚಿದ್ರೂ ಈ ಎರಡು ಹೊಳಿ ನಿಲ್ಲಂಗಿಲ್ಲ. ಡ್ಯಾಮ್ ತುಂಬಿ ಗೇಟ್ ಎತ್ತಿದ ದಿನವೇ ಇವೂ ಉಕ್ಕಿ ಬಂದ್ರ ಮೂರೂ ನೀರು ಒಟ್ಟಿಗೆ ಗೋಕಾಕಕ್ಕೆ. ಮಹಾಪೂರ ಅಂದ್ರ "ಡ್ಯಾಮ್ ಬಿಟ್ರು" ಅಂತಷ್ಟೇ ಬೈಯೋ ನಮ್ಮ ವಾಟ್ಸಾಪ್ ಗ್ರೂಪ್‌ಗೆ ಈ ನಕ್ಷೆ ಕಳಿಸೀನಿ.

ಮಾಮಾ ಈಗ ಸಾಮಾನನ್ನೆಲ್ಲ ಅಟ್ಟದ ಮ್ಯಾಲೇ ಇಡ್ತಾನ. ನಿನ್ನೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಆಂಬೋಲಿಯಾಗ ಮಳಿ ಹ್ಯಾಂಗೈತೋ?"