ಹಳೆಯ ಯಂತ್ರ, ಹೊಸ ಆಯ್ಕೆ

2025ರ ದೀಪಾವಳಿಗೆ ಹುಟ್ಟೂರು ಮಹಾಗಾಂವಕ್ಕೆ ಹೋದಾಗ ತಮ್ಮನ ಮನೆಯಲ್ಲಿ ಸಡಗರಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ಆ ವರ್ಷದ ಅತಿವೃಷ್ಟಿಗೆ ತೊಗರಿ ಹೊಲದಲ್ಲಿಯೇ ಕೊಳೆತಿತ್ತು. ಅದರ ಬೆನ್ನಿಗೇ, ಪದವಿಯ ಕೊನೆಯ ವರ್ಷದಲ್ಲಿದ್ದ ಅವನ ಮಗಳಿಗೆ ಕಲಬುರಗಿಯ ಅಂಗಡಿಯೊಂದರಲ್ಲಿ ತೀರ್ಪು ದೊರೆತಿತ್ತು: ‘ಈ ಕಂಪ್ಯೂಟರ್ ಕಾಲ ಮುಗಿಯಿತು, ಹೊಸದಕ್ಕೆ ನಲವತ್ತು ಸಾವಿರ ಹೊಂದಿಸಿ.’

ವಾಸ್ತವವಾಗಿ ಯಂತ್ರದಲ್ಲಿ ದೋಷವಿರಲಿಲ್ಲ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತ್ತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರನ್ನೂ ಬಯಸುತ್ತದೆ. ಹತ್ತು ವರ್ಷ ಹಳೆಯ ಕಂಪ್ಯೂಟರಿಗೆ ಆ ಬಾಗಿಲು ಮುಚ್ಚಿದಂತೆಯೇ ಸರಿ. ಭದ್ರತಾ ಪರಿಷ್ಕರಣೆ ಇಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ ಮುಂತಾದವನ್ನು ನಡೆಸುವುದು ವಿವೇಕವಲ್ಲ.

ಇದಕ್ಕೆ ಪರ್ಯಾಯವಿದೆ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಹಾಗೂ ಅದಕ್ಕೂ ಮೊದಲೇ ರಿಚರ್ಡ್ ಸ್ಟಾಲ್ಮನ್ ಹುಟ್ಟುಹಾಕಿದ್ದ ಗ್ನೂ ಯೋಜನೆಯ ಮೇಲೆ ನಿಂತ ಮುಕ್ತ ತಂತ್ರಾಂಶಗಳನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ತೊಡಕಿರುವುದು ಆಯ್ಕೆಯಲ್ಲಿ. ಲಿನಕ್ಸಿಗೆ ನೂರಾರು ರೂಪಗಳಿವೆ. ಯಾವುದನ್ನು ಆರಿಸಬೇಕೆಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ.

ನಾನೂ ಮೊದಲು ಎಡವಿದೆ. ಬಲ್ಲವರು ಹೊಗಳಿದ ಒಂದು ರೂಪವನ್ನು ಹಾಕಿಸಿದೆ. ವೈಫೈ ಏಳಲಿಲ್ಲ, ಪ್ರಿಂಟರ್ ಕದಲಲಿಲ್ಲ, ಪ್ರತಿಯೊಂದಕ್ಕೂ ಆಜ್ಞೆಗಳನ್ನು ಬೆರಳಚ್ಚಿಸಬೇಕಾಯಿತು. ಎರಡು ದಿನಗಳ ನಂತರ ಹುಡುಗಿ, ‘ದೊಡ್ಡಪ್ಪಾ, ನನಗೆ ಪರೀಕ್ಷೆಗೆ ಓದಬೇಕಾಗ್ಯದ, ಕಂಪ್ಯೂಟರ್ ರಿಪೇರಿ ಕಲಿಯೋದಲ್ಲ’ ಎಂದಳು. ಅರ್ಥಶಾಸ್ತ್ರದಲ್ಲಿ ನಾವು ಓದಿದ್ದ ‘ಬದಲಾವಣೆಯ ವೆಚ್ಚ’ ಇದೇ. ಸರಕಿನ ಬೆಲೆ ಸೊನ್ನೆಯಾದರೂ ಕಲಿಯುವವರ ಸಮಯಕ್ಕೆ ಬೆಲೆಯುಂಟು.

ಆದ್ದರಿಂದ ಎರಡನೆಯ ಬಾರಿ ಮೂರೇ ಪ್ರಶ್ನೆಗಳನ್ನಿಟ್ಟುಕೊಂಡೆ: ಹಾಕಿದೊಡನೆ ಕೆಲಸ ಮಾಡುವುದೇ? ಹಲವು ವರ್ಷ ಬೆಂಬಲ ದೊರೆಯುವುದೇ? ಕನ್ನಡ ಬರುವುದೇ? ಮೂರಕ್ಕೂ ಸಮಾಧಾನಕರ ಉತ್ತರ ಕೊಟ್ಟಿದ್ದು 2006ರಿಂದ ಬಳಕೆಯಲ್ಲಿರುವ ಲಿನಕ್ಸ್ ಮಿಂಟ್; ಅದರಲ್ಲಿಯೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ನಾಲ್ಕು ಜಿಬಿ ಮೆಮೊರಿಯಲ್ಲಿ ಅದು ಆರಾಮವಾಗಿ ಓಡುತ್ತದೆ. ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಜೊತೆಯಲ್ಲಿಯೇ ಬರುತ್ತವೆ. 22ನೇ ಸರಣಿಗೆ 2029ರವರೆಗೆ ಪರಿಷ್ಕರಣೆಗಳು ದೊರೆಯುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವಿರುವುದರಿಂದ ‘ನುಡಿ’ಯಲ್ಲಿ ಪಳಗಿದ ಕೈಗೆ ಕಷ್ಟವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪೆನ್ ಡ್ರೈವಿನಿಂದಲೇ ಓಡಿಸಿ ವೈಫೈ, ಧ್ವನಿ, ಪ್ರಿಂಟರ್‌ಗಳನ್ನು ಪರೀಕ್ಷಿಸಿದ ಮೇಲೆ ಸ್ಥಾಪಿಸಬಹುದು. ಅದಕ್ಕೂ ಮೊದಲು ಹಳೆಯ ಕಡತಗಳ ಪ್ರತಿ ತೆಗೆದಿಡುವುದನ್ನು ಮರೆಯಬಾರದು.

ಇತಿಮಿತಿಗಳನ್ನೂ ಹೇಳಬೇಕು. ಯೂನಿಕೋಡ್ ಪೂರ್ವದ ನುಡಿ, ಬರಹ ಕಡತಗಳನ್ನು ಪರಿವರ್ತಿಸದೆ ಓದುವುದು ಕಷ್ಟವಾಗಬಹುದು. ವಿಂಡೋಸಿಗೆಂದೇ ಬರೆದ ಲೆಕ್ಕಪತ್ರ ತಂತ್ರಾಂಶಗಳನ್ನು ನೆಚ್ಚಿದವರು ಅವಸರಪಡಬಾರದು. ಆದರೆ ಓದು, ಬರಹ, ಅಂತರ್ಜಾಲಕ್ಕಷ್ಟೇ ಕಂಪ್ಯೂಟರ್ ಬಳಸುವ ಮನೆಗೆ ಇವು ಅಡ್ಡಿಯಾಗಲಾರವು.

ಇಲ್ಲಿ ಒಂದು ತಪ್ಪೊಪ್ಪಿಗೆಯೂ ಉಂಟು. ಸೇವೆಯಲ್ಲಿದ್ದಾಗ ನಾನು ಸಹಿ ಮಾಡಿದ ಖರೀದಿ ಆದೇಶಗಳಲ್ಲಿ ವಿಂಡೋಸ್‌ನ ಹೆಸರು ಅಚ್ಚಾಗಿಯೇ ಬರುತ್ತಿತ್ತು. ‘ಬೇರೆ ಇದೆಯೇ?’ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಂದ್ರ ಸರ್ಕಾರ 2015ರಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಪ್ರಕಟಿಸಿತು. ಸಿ-ಡ್ಯಾಕ್ ಸಂಸ್ಥೆ ‘ಬಾಸ್’ ಎಂಬ ಭಾರತೀಯ ಲಿನಕ್ಸನ್ನು ರೂಪಿಸಿತು. ನೆರೆಯ ಕೇರಳದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳು ಲಿನಕ್ಸಿನಲ್ಲಿ ನಡೆಯುತ್ತಿರುವುದಾಗಿ 2019ರಲ್ಲಿ ವರದಿಯಾಗಿತ್ತು. ಅಲ್ಲಿನ ಸರ್ಕಾರ ಶಿಕ್ಷಕರ ತರಬೇತಿಗೆ ಹಣ ತೊಡಗಿಸಿದ್ದರಿಂದಲೇ ಅದು ಸಾಧ್ಯವಾಯಿತು. ನಮ್ಮ ಶಾಲೆಗಳಲ್ಲಿ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಹಳೆಯದೆಂದು ಮೂಲೆಗೆ ಸೇರಲಿರುವ ಯಂತ್ರಗಳನ್ನು ವಿಲೇವಾರಿ ಮಾಡುವ ಮುನ್ನ ಅಧಿಕಾರಿಗಳು ಈ ಲೆಕ್ಕವನ್ನೊಮ್ಮೆ ಹಾಕಬೇಕು. ಯಂತ್ರಗಳ ಜೊತೆಗೆ, ಕರೆದರೆ ಬಂದು ಕೈಹಿಡಿದು ಕಲಿಸುವ ಒಬ್ಬರು ಹೋಬಳಿಗಾದರೂ ಬೇಕು.

ನಮ್ಮ ಹುಡುಗಿ ಈಗ ಅದೇ ಯಂತ್ರದಲ್ಲಿ ಪರೀಕ್ಷೆಗೆ ಟಿಪ್ಪಣಿ ಬರೆಯುತ್ತಿದ್ದಾಳೆ. ಉಳಿದ ನಲವತ್ತು ಸಾವಿರದಲ್ಲಿ ಆಕೆಯ ಶುಲ್ಕ ಕಳೆದು ಮಿಕ್ಕಿದ್ದು ಮುಂದಿನ ಬಿತ್ತನೆಗೆ ಎಂದು ತಮ್ಮ ಹೇಳಿದ. ತೊಗರಿ ಕೈಕೊಟ್ಟ ವರ್ಷದಲ್ಲಿ ಅದು ಸಣ್ಣ ಮೊತ್ತವಲ್ಲ.