ರಾತ್ರಿಯೂಟಕ್ಕೆ ಅಲಸಂಡೆ ಕೊದಿಲು

ಮೊನ್ನೆ ಸಂಜೆ ಪೇಟೆಯ ಜೀನಸಿನ ಅಂಗಡಿಯೊಂದರಲ್ಲಿ ನಾವು ಸಾಮಾನು ಕಟ್ಟಿಸುತ್ತಿದ್ದೆವು. ಎಂಟನೆಯ ತರಗತಿಯವಳಿರಬಹುದಾದ ಒಬ್ಬಳು ಹುಡುಗಿ ಚೀಟಿ ಹಿಡಿದು ಬಂದಳು. ಚೀಟಿ ಅಜ್ಜಿಯ ಕೈಬರಹದ್ದು. ಬೆಲ್ಲ, ಕೊತ್ತಂಬರಿ, ಹುಣಿಸೆಹುಳಿ ಎಲ್ಲವೂ ಸಿಕ್ಕಿದವು. 'ಅಲಸಂಡೆ ಬೀಜ ಅರ್ಧ ಕಿಲೋ' ಎಂಬಲ್ಲಿಗೆ ಬಂದಾಗ ಅಂಗಡಿಯವರು "ಅದು ಯಾವುದು ಮಗಳೇ?" ಎಂದು ಮಲಯಾಳದಲ್ಲಿ ಕೇಳಿದರು. ಹುಡುಗಿ ಸುಮ್ಮನೆ ನಿಂತಳು. ಬೀಜವಾದರೋ ಅವಳ ಮುಂದಿನ ಗೋಣಿಯಲ್ಲೇ ಇತ್ತು. ಅದು 'ವನ್‌ಪಯರ್' ಎಂದು ಅವಳಿಗೆ ಗೊತ್ತು; ಅದೇ ಅಲಸಂಡೆ ಎಂಬುದು ಗೊತ್ತಿರಲಿಲ್ಲ. ನಾವು ನಡುವೆ ಬಾಯಿ ಹಾಕಿ ತಿಳಿಸಿದೆವು. ಅಂಗಡಿಯವರು ನಕ್ಕು ತೂಗಿ ಕೊಟ್ಟರು. ಹುಡುಗಿಯೂ ನಕ್ಕಳು. ನಮಗೆ ಮಾತ್ರ ಮನೆಯ ತನಕ ಅದೇ ಯೋಚನೆ.

ಅಂದು ರಾತ್ರಿ ನಮ್ಮ ಮನೆಯಲ್ಲೂ ಅಲಸಂಡೆ ಕೊದಿಲು ಆಗಬೇಕೆಂದು ಹೇಳಿದೆವು. "ಬೆಳಿಗ್ಗೆಯೇ ನೆನೆಹಾಕದೆ ಈಗ ಹೇಳಿದರೆ ಹೇಗೆ?" ಎಂಬ ಉತ್ತರ ಬಂತು. ಆದುದರಿಂದ ಅದು ಮರುದಿನದ ಊಟವಾಯಿತು. ಆ ಅಡುಗೆಯ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬೇಕಾದ ಸಾಮಾನು

ಐದು ಮಂದಿಯ ಊಟಕ್ಕೆ ಅಲಸಂಡೆ ಬೀಜ 200 ಗ್ರಾಂ, ಮಧ್ಯಮ ಗಾತ್ರದ ಸೌತೆಕಾಯಿ ಅರ್ಧ, ತೆಂಗಿನಕಾಯಿ ಅರ್ಧ ಕಡಿ, ಒಣಮೆಣಸು ಆರೇಳು, ಕೊತ್ತಂಬರಿ ಎರಡು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಮೆಂತೆ ಕಾಲು ಚಮಚ, ಉದ್ದಿನಬೇಳೆ ಒಂದು ಚಮಚ, ಚಿಟಿಕೆ ಅರಸಿನ, ಸ್ವಲ್ಪ ಇಂಗು, ನೆಲ್ಲಿಕಾಯಿ ಗಾತ್ರದ ಹುಣಿಸೆಹುಳಿ, ಅಷ್ಟೇ ಬೆಲ್ಲ, ಉಪ್ಪು, ಕರಿಬೇವು, ಸಾಸಿವೆ, ತೆಂಗಿನೆಣ್ಣೆ. ಸೌತೆಕಾಯಿ ಎಂದರೆ ಹಿಂದೆ ಅಟ್ಟದ ಕೆಳಗೆ ಕಟ್ಟಿ ತೂಗಹಾಕಿ ಮಳೆಗಾಲಕ್ಕೆ ಉಳಿಸುತ್ತಿದ್ದ ನಮ್ಮೂರ ದಪ್ಪ ಸೌತೆ. ಹಸಿ ತಿನ್ನುವ ಮುಳ್ಳುಸೌತೆಯಲ್ಲ. ಅದು ಸಿಗದಿದ್ದರೆ ಸುವರ್ಣಗೆಡ್ಡೆ ಅಥವಾ ಪಪ್ಪಾಯಿಕಾಯಿ ಆದೀತು.

ಮಾಡುವ ಕ್ರಮ

ಬೀಜವನ್ನು ಬೆಳಿಗ್ಗೆ ತೊಳೆದು ಏಳೆಂಟು ಗಂಟೆ ನೆನೆಹಾಕಬೇಕು. ಸಂಜೆ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು. ಹೊಟ್ಟೆಯುಬ್ಬರ ತರುವ ಕೆಲವು ಸಕ್ಕರೆಯ ಅಂಶಗಳು ನೆನೆದ ನೀರಿಗೆ ಬಿಡುವುದರಿಂದ ಅದನ್ನು ಚೆಲ್ಲುವುದು ಲೇಸು. ಕುಕ್ಕರಿನಲ್ಲಾದರೆ ಮೂರು ನಾಲ್ಕು ಸೀಟಿ ಸಾಕು. ಬೀಜ ಬೆರಳಲ್ಲಿ ಹಿಚುಕಿದರೆ ಬೆಣ್ಣೆಯಂತೆ ಆಗಬೇಕು, ಆದರೆ ರೂಪ ಕೆಡಬಾರದು.

ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಬೇಯಿಸಿದರೆ ಕೆಲಸ ಬೇಗ ಮುಗಿಯಿತೆಂದು ಹುಳಿಯನ್ನೂ ಮೊದಲೇ ಹಾಕುತ್ತಾರೆ. ಹುಳಿ ಬಿದ್ದ ನೀರಿನಲ್ಲಿ ಬೀಜದ ಜೀವಕೋಶಗಳನ್ನು ಹಿಡಿದಿಡುವ ಅಂಟು ಸುಲಭದಲ್ಲಿ ಕರಗುವುದಿಲ್ಲ. ಎಷ್ಟು ಬೇಯಿಸಿದರೂ ಬೀಜ ಗಟ್ಟಿಯಾಗಿಯೇ ಉಳಿಯುತ್ತದೆ. 'ಬೆಂದ ಮೇಲೆ ಹುಳಿ' ಎಂದು ಹಿರಿಯರು ಹೇಳುತ್ತಿದ್ದುದರ ಮರ್ಮ ಇದೇ. ವರ್ಷಗಟ್ಟಲೆ ಡಬ್ಬದಲ್ಲಿ ಕುಳಿತ ಹಳೆಯ ಬೀಜವೂ ಹೀಗೆಯೇ ಹಟ ಹಿಡಿಯುತ್ತದೆ.

ಇನ್ನು ಸೌತೆಕಾಯಿಯ ತಿರುಳು ತೆಗೆದು ದೊಡ್ಡ ಹೋಳು ಮಾಡಿ, ಉಪ್ಪು, ಅರಸಿನ, ಬೆಲ್ಲ ಹಾಕಿ ಬೇರೆಯೇ ಬೇಯಿಸಿರಿ. ಹೋಳು ಬೆಂದ ಮೇಲೆ ಹುಳಿ ಹಿಂಡಿ ಬೀಜವನ್ನು ಕೂಡಿಸಿರಿ. ಸುವರ್ಣಗೆಡ್ಡೆಯಾದರೆ ಮಾತ್ರ ಹೋಳಿನೊಂದಿಗೇ ಸ್ವಲ್ಪ ಹುಳಿ ಹಾಕಬೇಕು, ಇಲ್ಲದಿದ್ದರೆ ಬಾಯಿ ತುರಿಸೀತು. ಕೊತ್ತಂಬರಿ, ಮೆಂತೆ, ಉದ್ದಿನಬೇಳೆ, ಮೆಣಸುಗಳನ್ನು ಸ್ವಲ್ಪ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಕೊನೆಗೆ ಜೀರಿಗೆ, ಇಂಗು, ಕರಿಬೇವು ಹಾಕಿ ಇಳಿಸಿ, ಕಾಯಿತುರಿಯೊಡನೆ ನುಣ್ಣಗೆ ಕಡೆಯಬೇಕು. ಮೆಂತೆ ಕಪ್ಪಾದರೆ ಇಡೀ ಪಾತ್ರೆ ಕಹಿ. ಕಡೆದ ಮಸಾಲೆ ಕೂಡಿಸಿ ಹದಕ್ಕೆ ನೀರು ಹಾಕಿ ಚೆನ್ನಾಗಿ ಎರಡು ಕುದಿ ಬಂದಾಗ ಇಳಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರಾಯಿತು.

ಒಂದೇ ಅಡುಗೆ, ಹಲವು ಮನೆ

ನಮ್ಮ ಜಿಲ್ಲೆಯಲ್ಲಿ ಹವ್ಯಕರ ಮನೆಯಲ್ಲಿ ಇದು ಕೊದಿಲು, ತುಳುವರಲ್ಲಿ ಕೊದ್ದೆಲ್. ಕೊಂಕಣಿಗರ ಕೊದ್ದೇಲಿಗೆ ಬೆಳ್ಳುಳ್ಳಿ ಒಗ್ಗರಣೆಯೇ ಪ್ರಾಣ. ಮಲಯಾಳಿ ನೆರೆಯವರು ಇದೇ ಬೀಜವನ್ನು ಕುಂಬಳಕಾಯಿಯೊಡನೆ ಎರಿಶ್ಶೇರಿ ಮಾಡುತ್ತಾರೆ. ಅದರ ಹುರಿದ ಕಾಯಿತುರಿಯ ಪರಿಮಳವನ್ನು ನಾವೂ ಸವಿದವರೇ. ಅಲಸಂಡೆಯ ಬದಲು ಕಡಲೆಯನ್ನೋ ಹುರುಳಿಯನ್ನೋ ಹಾಕಬಹುದು. ಇವೆರಡನ್ನೂ ಇಡೀ ರಾತ್ರಿ ನೆನೆಹಾಕಬೇಕು. ಹುರುಳಿಗೆ ತುಳುವಿನಲ್ಲಿ ಕುಡು, ಮಲಯಾಳದಲ್ಲಿ ಮುದಿರ. ಘಟ್ಟದ ಮೇಲಿನ ನಂಟರು 'ಹುರುಳಿಕಾಯಿ' ಎಂದಾಗ ಮಾತ್ರ ಎಚ್ಚರ. ಅವರು ಹೇಳುವುದು ಹಸಿರು ಬೀನ್ಸನ್ನು!

ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟದ ಆಹಾರಕ್ರಮಕ್ಕೆ ಇಂಗ್ಲೆಂಡಿನಲ್ಲಿ 1944ರಲ್ಲಿ 'ವೀಗನ್' ಎಂಬ ಹೆಸರು ಹುಟ್ಟಿತು. ಪೇಟೆಯ ಮಕ್ಕಳು ಈಗ ಆ ಮಾತನ್ನು ಬಲು ಹೊಸತೆಂಬಂತೆ ಹೇಳುತ್ತಾರೆ. ಅಜ್ಜಿಯ ಕೊದಿಲು ಹೆಸರಿಲ್ಲದೆಯೇ ಆ ಪಂಕ್ತಿಯಲ್ಲಿ ಕುಳಿತಿದೆ.

ಅದು ಹೊಟ್ಟೆ ತುಂಬಿಸುವ ಅಡುಗೆಯೂ ಹೌದು. ಒಣ ಅಲಸಂಡೆಯಲ್ಲಿ ನೂರು ಗ್ರಾಮಿಗೆ ಇಪ್ಪತ್ತಕ್ಕೂ ಹೆಚ್ಚು ಗ್ರಾಂ ಸಸಾರಜನಕವಿದೆ. ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶ ಬೀಜದಲ್ಲಿ ಧಾರಾಳವಿದೆ. ಬೀಜದಲ್ಲಿ ಕಡಿಮೆಯಿರುವ ಮಿಥಿಯೋನಿನ್ ಅನ್ನದಲ್ಲಿದೆ. ಕುಚ್ಚಿಲಕ್ಕಿ ಅನ್ನಕ್ಕೆ ಕೊದಿಲು ಬಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಊಟದ ಕೂಡಲೇ ಚಾ ಕುಡಿಯದಿದ್ದರೆ ಬೀಜದ ಕಬ್ಬಿಣಾಂಶವೂ ಮೈಗೆ ಹೆಚ್ಚು ಸೇರುತ್ತದೆ.

ಗದ್ದೆಯಿಂದ ಗೋಣಿಗೆ

ಹಿಂದೆ ಈ ಬೀಜಕ್ಕೆ ಅಂಗಡಿಗೆ ಹೋಗಬೇಕಾಗಿರಲಿಲ್ಲ. ಏಣೇಲು ಕೊಯಿಲು, ಅನಂತರ ನೀರಿದ್ದಲ್ಲಿ ಸುಗ್ಗಿ ಬೆಳೆ. ಅದು ಮುಗಿದ ಗದ್ದೆಯಲ್ಲಿ ಉಳಿದ ಪಸೆಗೇ ಉದ್ದು, ಹೆಸರು, ಅಲಸಂಡೆ, ಹುರುಳಿ ಬಿತ್ತುತ್ತಿದ್ದರು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಈ ಬೆಳೆಗಳು ಮುಂದಿನ ಭತ್ತಕ್ಕೆ ಮಣ್ಣನ್ನೂ ಸಿದ್ಧ ಮಾಡುತ್ತಿದ್ದವು. ಮನೆಮಂದಿ ಅಂಗಳದಲ್ಲಿ ಕೋಡು ಬಡಿದು ಬೀಜ ಒಣಗಿಸುವಾಗ ಮಕ್ಕಳು ಹೆಸರುಗಳನ್ನು ತಾವಾಗಿಯೇ ಕಲಿಯುತ್ತಿದ್ದರು. ಅನೇಕ ಗದ್ದೆಗಳು ಅಡಿಕೆ ತೋಟಗಳಾದವು. ಬೀಜ ಗೋಣಿಯಲ್ಲಿ ಬಂತು; ಗೋಣಿಯೊಡನೆ ಅಂಗಡಿಯ ಹೆಸರೂ ಬಂತು.

ಇದರಲ್ಲಿ ಅಂಗಡಿಯವರ ತಪ್ಪಿಲ್ಲ, ಮಲಯಾಳದ ಮೇಲೆ ನಮಗೆ ಮುನಿಸೂ ಇಲ್ಲ. ನೆರೆಯ ಭಾಷೆ ಕಲಿತ ಮಗು ಜಾಣ ಮಗುವೇ. ಆದರೆ 1956ರ ನವೆಂಬರ್ 1ರಂದು ಗಡಿ ಈಚೆಗೆ ಸರಿದಂದಿನಿಂದ ನಾವು ಕನ್ನಡದ ಶಾಲೆಗಾಗಿ, ಕನ್ನಡದ ಅರ್ಜಿಗಾಗಿ ಮನವಿ ಕೊಡುತ್ತ ಬಂದವರು. ಕೇರಳದ 1969ರ ಭಾಷಾ ಕಾನೂನು ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಯಾವ ಕಾನೂನೂ ನಮ್ಮ ಅಡುಗೆಮನೆಯ ಡಬ್ಬದ ತನಕ ಬಂದು ಹೆಸರು ಬರೆಯುವುದಿಲ್ಲ. ಅಲ್ಲಿ ನಾವೇ ಹೇಳಬೇಕು. ಕಚೇರಿಯಲ್ಲಿ ಕೇಳುವ ಭಾಷೆಯನ್ನು ಒಲೆಯ ಬುಡದಲ್ಲಿ ಮರೆತರೆ ಮನವಿಗೆ ಬಲವೆಲ್ಲಿ?

ಮರುದಿನ ನಮ್ಮ ಮನೆಯಲ್ಲಿ ಮಕ್ಕಳನ್ನೇ ಕೂರಿಸಿ ಬೀಜ ಆರಿಸಲು ಹೇಳಿದೆವು. ಕಲ್ಲು ಹೆಕ್ಕುತ್ತ ಹೆಕ್ಕುತ್ತ ಒಂದೊಂದು ಬೀಜದ ಹೆಸರು ಕೇಳಿದರು. ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಹೇಳಿದೆವು. ರಾತ್ರಿ ಬಿಸಿ ಅನ್ನಕ್ಕೆ ಕೊದಿಲು ಬಿತ್ತು. ಉಳಿದದ್ದನ್ನು ಬೆಳಿಗ್ಗೆ ಬತ್ತಿಸಿ ದೋಸೆಗೆ ಕೂಡಿಸಿಕೊಂಡೆವು. ಓದುಗ ಬಂಧುಗಳ ಮನೆಯಲ್ಲೂ ಈ ವಾರ ಒಂದು ರಾತ್ರಿ ಇದಾಗಲಿ. ಬೀಜ ತರಲು ಮಕ್ಕಳನ್ನೇ ಕಳುಹಿಸಿರಿ. ಹೆಸರು ಹೇಳಿಕೊಟ್ಟು ಕಳುಹಿಸಿರಿ.